ಮೂರರಿಂದ ಆರು ವರ್ಷದ ಮಕ್ಕಳಿಗೆ ಚಳಿಗಾಲದ ಚಿತ್ರಪುಸ್ತಕ ಬೇಕು. ಹಿಮ ಕಾಣದ ನಮ್ಮ ಮಕ್ಕಳಿಗೆ ಯಾವುದು ಓದಲಿ?

ಓದುಕಟ್ಟೆ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಪ್ರತಿ ರವಿವಾರ ಓಣಿಯ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುತ್ತೇನೆ. ಮೂರು ವರ್ಷದವರಿಂದ ಆರು ವರ್ಷದವರವರೆಗೆ ಬರುತ್ತಾರೆ. ಕೆಲವರು ಅಂಗನವಾಡಿಗೆ ಹೋಗುವವರು, ಕೆಲವರು ಎಲ್‌ಕೆಜಿ, ಯುಕೆಜಿ. ಡಿಸೆಂಬರ್ ಪೂರ್ತಿ ಚಳಿಗಾಲದ ಪುಸ್ತಕಗಳನ್ನೇ ಓದಬೇಕು ಅಂತ ಈ ಸಲ ಮನಸ್ಸು ಮಾಡಿದ್ದೇನೆ. ಮಕ್ಕಳು ಸ್ವೆಟರ್, ಕುಲಾಯಿ ಹಾಕಿಕೊಂಡು ಬಂದು ಬಿಸಿಲು ಬಿದ್ದ ಕಡೆಗೇ ಸರಿದು ಕೂರುತ್ತಾರೆ. ಆಗ ಚಳಿಯ ಕತೆ ಹೇಳಿದರೆ ಬೇಗ ತಲೆಗೆ ಹೋಗುತ್ತದೆ.

ಆದರೆ ಹುಡುಕಲು ಹೋದರೆ ಸಿಗುವುದೆಲ್ಲ ಹಿಮದ ಪುಸ್ತಕವೇ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 14-15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಅಗ್ಗದ ರಟ್ಟಿನ ಪುಸ್ತಕಗಳಲ್ಲಂತೂ ಇನ್ನೊಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಹಿಮಕರಡಿ, ಪೆಂಗ್ವಿನ್ ಎರಡನ್ನೂ ಒಂದೇ ಪುಟದಲ್ಲಿ ನಿಲ್ಲಿಸಿಬಿಡುತ್ತಾರೆ. ಹಿಮಕರಡಿ ಇರುವುದು ಉತ್ತರ ಧ್ರುವದ ಸುತ್ತ. ಪೆಂಗ್ವಿನ್ ಇರುವುದು ಬಹುತೇಕ ಭೂಮಿಯ ದಕ್ಷಿಣದ ಅರ್ಧದಲ್ಲಿ. ಚಿಕ್ಕ ಮಕ್ಕಳ ತಲೆಯಲ್ಲಿ ಮೊದಲು ಕೂತ ಚಿತ್ರ ಬೇಗ ಅಳಿಸುವುದಿಲ್ಲ. ಅಂಥ ಪುಸ್ತಕ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ನಾನು ತರುವುದಿಲ್ಲ.

ಈಗ ನನ್ನ ಹತ್ತಿರ ಇರುವ ಒಂದು ಒಳ್ಳೆಯ ಪುಸ್ತಕ ಎಂದರೆ ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದಿ ಸ್ನೋಯಿ ಡೇ’. 1962ರಲ್ಲಿ ಅಮೆರಿಕದಲ್ಲಿ ಬಂತು, ಮರುವರ್ಷ ಅಲ್ಲಿ ಅತ್ಯುತ್ತಮ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡಿಕಾಟ್ ಪದಕ ಪಡೆಯಿತು. ಪೀಟರ್ ಎಂಬ ಪುಟ್ಟ ಹುಡುಗ ಬೆಳಿಗ್ಗೆ ಏಳುತ್ತಾನೆ, ಕಿಟಕಿಯಾಚೆ ಎಲ್ಲ ಬೆಳ್ಳಗಾಗಿದೆ. ಕೆಂಪು ಅಂಗಿ ತೊಟ್ಟು ಹೊರಗೆ ಹೋಗಿ ದಿನವಿಡೀ ಆಡುತ್ತಾನೆ. ಅಷ್ಟೇ ಕತೆ. ಪೀಟರ್ ಕಪ್ಪು ಬಣ್ಣದ ಮಗು. ಆ ಕಾಲದ ಅಮೆರಿಕದ ಚಿತ್ರಪುಸ್ತಕಗಳಲ್ಲಿ ಅಂಥ ಮಗು ಕತೆಯ ನಾಯಕನಾಗುವುದೇ ಅಪರೂಪವಾಗಿತ್ತು. ನಮ್ಮ ಮಕ್ಕಳಿಗೆ ಆ ಇತಿಹಾಸ ಗೊತ್ತಿಲ್ಲ. ಆದರೆ ಅವನನ್ನು ನೋಡಿದ ಕೂಡಲೇ ‘ನಮ್ಮ ಓಣ್ಯಾಗಿನ ಹುಡುಗ’ ಅನ್ನುವ ಹಾಗೆ ಒಪ್ಪಿಕೊಂಡರು.

ಇಂಗ್ಲಿಷ್ ಪುಸ್ತಕ. ನಾನು ಪುಟ ತಿರುಗಿಸುತ್ತಾ ಕನ್ನಡದಲ್ಲಿ ಹೇಳಿದೆ. ಪೀಟರ್ ಕಾಲ ಬೆರಳು ಹೊರಗೆ ಮಾಡಿ ನಡೆಯುವ ಪುಟ, ಆಮೇಲೆ ಒಳಗೆ ಮಾಡಿ ನಡೆಯುವ ಪುಟ ಬಂದಾಗ ಎಲ್ಲರೂ ಎದ್ದು ಮಾಳಿಗೆ ತುಂಬ ಹಾಗೇ ನಡೆದರು. ಒಬ್ಬ ಹುಡುಗಿಯ ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಅವಳು ಮಾತ್ರ ಪುಸ್ತಕದ ಹತ್ತಿರವೇ ಕೂತು ಪುಟದ ಮೇಲೆ ಕೈ ಆಡಿಸುತ್ತಿದ್ದಳು. “ಅಕ್ಕಾ, ಇದು ಅರಳಿ ಅಲ್ಲೇನ್ರಿ? ನಮ್ಮಪ್ಪ ಗಾಡಿಗೆ ಹೇರತಾನಲ್ಲ, ಅದು?” ಅಂದಳು. ಅರಳಿ ಅಂದರೆ ನಮ್ಮ ಕಡೆ ಹತ್ತಿ. ಅಲ್ಲ ಪುಟ್ಟಿ, ಇದು ನೀರು, ತಣ್ಣಗೆ ಗಟ್ಟಿಯಾದ ನೀರು ಅಂದೆ. ಅವಳ ಮುಖ ನೋಡಿದರೆ ನಂಬಿದ ಹಾಗೆ ಕಾಣಲಿಲ್ಲ.

ಇದನ್ನು ಕೇಳಿದ ನನ್ನ ಗೆಳತಿ, “ಕಾಣದ ಹಿಮ ಯಾಕೆ ಹೇಳಬೇಕು? ನಮ್ಮ ಚಳಿಗಾಲದ ಕತೆ ಇದ್ದರೆ ಹೇಳು, ಇಲ್ಲದಿದ್ದರೆ ಬಿಡು” ಅನ್ನುತ್ತಾಳೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಸಮುದ್ರ ನೋಡದ ಮಕ್ಕಳಿಗೆ ಮೀನುಗಾರನ ಕತೆ ಹೇಳುತ್ತೇವೆ, ಅಲ್ವಾ? ಆದರೂ ನಮ್ಮ ಚಳಿ ಪುಸ್ತಕದಲ್ಲಿ ಎಲ್ಲೂ ಕಾಣಿಸದೇ ಹೋದರೆ ಅದೂ ಸರಿಯಲ್ಲ ಅನ್ನಿಸುತ್ತದೆ.

ಚಿತ್ರ ನಿಜಕ್ಕೂ ಚೆನ್ನಾಗಿರುವ, ಈ ವಯಸ್ಸಿಗೆ ಹೊಂದುವ ಚಳಿಗಾಲದ ಪುಸ್ತಕ ಯಾವುವು? ಹಿಮದ ಪುಸ್ತಕವನ್ನು ನೀವು ನಿಮ್ಮ ಮಕ್ಕಳಿಗೆ ಹೇಗೆ ಹೇಳಿದ್ದೀರಿ? ಕನ್ನಡದಲ್ಲಿ ಸಿಗುವ ದಾರಿ ಇದೆಯಾ? ಪುಸ್ತಕ ಕೊಳ್ಳುವುದು ನನ್ನ ಕೈಯಿಂದಲೇ. ಹಾಗಾಗಿ ಉದ್ದ ಪಟ್ಟಿ ಬೇಡ, ಓದಿ ನೋಡಿದ ನಾಲ್ಕೈದು ಹೇಳಿದರೆ ಸಾಕು.

ಕೇಶ್ವಾಪುರದ_ಅಪ್ಪ

ಅಕ್ಕಾ, ಒಂದು ಪುಸ್ತಕ ಖಂಡಿತ ಹೇಳುತ್ತೇನೆ. ರೇಮಂಡ್ ಬ್ರಿಗ್ಸ್ ಅವರ ‘ದಿ ಸ್ನೋಮ್ಯಾನ್’. 1978ರದು, ಇಂಗ್ಲೆಂಡಿನದು. ಅದರಲ್ಲಿ ಮಾತೇ ಇಲ್ಲ, ಪೂರ್ತಿ ಚಿತ್ರ. ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ್ದು, ಮೆತ್ತಗೆ ಇದೆ, ಎಲ್ಲೂ ಕಣ್ಣಿಗೆ ಹೊಡೆಯುವುದಿಲ್ಲ. ಹುಡುಗ ಹಿಮದ ಮನುಷ್ಯನನ್ನು ಮಾಡುತ್ತಾನೆ, ರಾತ್ರಿ ಅದಕ್ಕೆ ಜೀವ ಬರುತ್ತದೆ, ಇಬ್ಬರೂ ಮನೆಯೆಲ್ಲ ಸುತ್ತಿ ಆಮೇಲೆ ಆಕಾಶದಲ್ಲಿ ಹಾರುತ್ತಾರೆ.

ಮಾತಿಲ್ಲದ ಪುಸ್ತಕದ ದೊಡ್ಡ ಲಾಭ ಏನು ಗೊತ್ತಾ? ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ನನ್ನ ಮಗಳಿಗೆ ಈ ಪುಸ್ತಕ ಓದಿ ಹೇಳುವುದು ಅವಳೇ. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳುತ್ತಾಳೆ. ಹಿಮದ ಮನುಷ್ಯ ಅಡಿಗೆಮನೆಗೆ ಬಂದ ಪುಟದಲ್ಲಿ “ಒಲಿ ಹತ್ರ ಹೋಗಬ್ಯಾಡಪಾ” ಅಂತ ಅದಕ್ಕೇ ಬುದ್ಧಿ ಹೇಳುತ್ತಾಳೆ. ನಿಮ್ಮ ಮಕ್ಕಳ ಮನೆಯಲ್ಲೂ ಅಜ್ಜ ಅಜ್ಜಿ ಇದ್ದರೆ ಇಂಥ ಪುಸ್ತಕವನ್ನು ಒಂದು ವಾರ ಮನೆಗೆ ಕೊಟ್ಟು ಕಳಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಅದು ಕರಗಿಹೋಗುತ್ತದೆ. ಟೋಪಿ, ಸ್ಕಾರ್ಫ್ ಮಾತ್ರ ಉಳಿಯುತ್ತವೆ. ನನ್ನ ಮಗಳು ಜೋರಾಗಿ ಅತ್ತಳು. ಮರುದಿನ ಅದೇ ಪುಸ್ತಕ ಬೇಕು ಅಂತ ತಾನೇ ತಂದಳು. ಮಲಗುವ ಹೊತ್ತಿಗೆ ಮಾತ್ರ ಓದಬೇಡಿ.

ಚಿತ್ರಮಾಸ್ತರ_ಗದಗ

ಓದುಕಟ್ಟೆ ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಗದುಗಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಚಿತ್ರಪುಸ್ತಕ ಕೂಡಿಡುವ ಹವ್ಯಾಸ ಇನ್ನೂ ಬಿಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಚಳಿಗಾಲದ ಪುಸ್ತಕ ಆಯುವಾಗ ಹಿಮ ಇದೆಯೋ ಇಲ್ಲವೋ ಅಂತ ನೋಡಬೇಡಿ. ಅದರಲ್ಲಿ ಮಗು ಮೈಕೈಯಿಂದ ಏನು ಮಾಡುತ್ತದೆ ನೋಡಿ. ನಿಮ್ಮ ಮಕ್ಕಳು ಪೀಟರನ ಹಾಗೆ ನಡೆದರು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಪೀಟರ್ ಹೆಜ್ಜೆ ಮೂಡಿಸುತ್ತಾನೆ, ಕೋಲಿನಿಂದ ಗೆರೆ ಎಳೆಯುತ್ತಾನೆ, ಮರಕ್ಕೆ ಬಡಿಯುತ್ತಾನೆ, ತಲೆ ಮೇಲೆ ಹಿಮ ಬೀಳುತ್ತದೆ. ಹಿಮದ ಉಂಡೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಬರುತ್ತಾನೆ. ಮಲಗುವ ಮುಂಚೆ ನೋಡಿದರೆ ಜೇಬು ಖಾಲಿ. ಇದರಲ್ಲಿ ಯಾವುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ? ಕೆಸರಿನಲ್ಲಿ ಹೆಜ್ಜೆ ಮೂಡಿಸಿದ್ದಾರೆ, ಮಳೆ ನಿಂತ ಮೇಲೆ ಗಿಡ ಅಲ್ಲಾಡಿಸಿ ತೋಯಿಸಿಕೊಂಡಿದ್ದಾರೆ. ಐಸ್‌ಕ್ಯಾಂಡಿ ಕಡ್ಡಿ ಮಾತ್ರ ಕೈಯಲ್ಲಿ ಉಳಿದದ್ದೂ ನೆನಪಿರುತ್ತದೆ. ಇಷ್ಟು ಗೊತ್ತಿರುವ ಮಗುವಿಗೆ ಹಿಮ ಒಂದೇ ಹೊಸದು. ಒಂದು ಹೊಸದನ್ನು ಯಾವ ಮಗುವಾದರೂ ತಡೆದುಕೊಳ್ಳುತ್ತದೆ. ಅದೇ, ಬರೀ ಚೆಂದಕ್ಕೆ ಮಿರುಗುವ ಪುಡಿ ಅಂಟಿಸಿ ನಾಲ್ಕು ಪ್ರಾಣಿ ನಿಲ್ಲಿಸಿದ ಪುಸ್ತಕ ಇರುತ್ತದಲ್ಲ, ಅದರಲ್ಲಿ ಮಗುವಿಗೆ ಮಾಡಲು ಏನೂ ಇಲ್ಲ.

ಕೀಟ್ಸ್ ಅವರ ಆ ಪುಸ್ತಕದ ಚಿತ್ರ ಹೇಗೆ ಮಾಡಿದರು ಅನ್ನುವುದನ್ನು ಮಕ್ಕಳಿಗೆ ತೋರಿಸಿ. ಬಣ್ಣದ ಕಾಗದ, ಬಟ್ಟೆ ಕತ್ತರಿಸಿ ಅಂಟಿಸಿದ್ದಾರೆ. ಹಿಮದ ಹಳಕುಗಳನ್ನು ಅಳಿಸುವ ರಬ್ಬರಿನಲ್ಲಿ ಅಚ್ಚು ಕೊರೆದು, ಬಣ್ಣದಲ್ಲಿ ಅದ್ದಿ ಒತ್ತಿದ್ದಾರೆ. ಪೀಟರ್ ಮಲಗಲು ಹೋಗುವ ಪುಟದ ಬೂದು ಹಿನ್ನೆಲೆ ಇದೆಯಲ್ಲ, ಅದು ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ಸಿಡಿಸಿದ್ದು. ಒಂದು ಪತ್ರಿಕೆಯಲ್ಲಿ ಬಂದ ಪುಟ್ಟ ಹುಡುಗನ ಫೋಟೊಗಳನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಜೋಪಾನ ಮಾಡಿಟ್ಟುಕೊಂಡು, ಆಮೇಲೆ ಅವನನ್ನೇ ಪೀಟರ್ ಮಾಡಿದರು. ಹಳೆ ಬ್ರಷ್ಷು, ರಬ್ಬರು ನಮ್ಮಲ್ಲೂ ಇವೆ. ಕಪ್ಪು ಡ್ರಾಯಿಂಗ್ ಹಾಳೆ ಮೇಲೆ ಬಿಳಿ ಪೋಸ್ಟರ್ ಬಣ್ಣ ಸಿಡಿಸಿದರೆ ಹಿಮ ಬೀಳುವ ರಾತ್ರಿ ಆಗುತ್ತದೆ. ಬ್ರಷ್ಷಿನ ಕೂದಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ಬಿಡಬೇಕು. ಮುಂದಕ್ಕೆ ತಳ್ಳಿದರೆ ಬಣ್ಣ ಪೂರ್ತಿ ಮುಖಕ್ಕೇ ಹಾರುತ್ತದೆ.

ಚಿತ್ರ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ದಾರಿ ಹೇಳುತ್ತೇನೆ. ಹಿಮದ ನೆರಳು ನೋಡಿ. ಜಲವರ್ಣದಲ್ಲಿ ಎಷ್ಟೋ ಸಲ ಹಿಮಕ್ಕೆ ಬಣ್ಣವನ್ನೇ ಹಚ್ಚುವುದಿಲ್ಲ, ಕಾಗದವನ್ನು ಹಾಗೇ ಬಿಡುತ್ತಾರೆ. ನೆರಳಿಗೆ ಮಾತ್ರ ತೆಳ್ಳಗೆ ನೀಲಿ ಅಥವಾ ನೇರಳೆ. ನಿಜವಾದ ಹಿಮದಲ್ಲೂ ಬಿಸಿಲು ಬೀಳದ ಕಡೆ ಆಕಾಶದ ನೀಲಿಯೇ ಕಾಣುವುದು. ಚಿತ್ರಗಾರ ಇದನ್ನು ಕಂಡಿದ್ದರೆ ಆ ಪುಟ ನೋಡಿದಾಗ ಹೊತ್ತು ಎಷ್ಟಾಯಿತು ಅಂತ ಗೊತ್ತಾಗುತ್ತದೆ. ಕಾಣದೇ ಸುಮ್ನೆ ಬೂದು ಬಳಿದಿದ್ದರೆ ಪುಟ ಸಪ್ಪೆ.

ಐದು, ಆರು ವರ್ಷದವರಿಗೆ ‘ಸ್ನೋಫ್ಲೇಕ್ ಬೆಂಟ್ಲಿ’ ತನ್ನಿ. ಜಾಕ್ವೆಲಿನ್ ಬ್ರಿಗ್ಸ್ ಮಾರ್ಟಿನ್ ಬರೆದದ್ದು, ಮೇರಿ ಅಜೇರಿಯನ್ ಅವರ ಚಿತ್ರ. 1998ರದು, ಅದಕ್ಕೂ ಕಾಲ್ಡಿಕಾಟ್ ಪದಕ ಬಂದಿದೆ. ಮರದಲ್ಲಿ ಕೊರೆದು ಅಚ್ಚು ಒತ್ತಿ, ಮೇಲೆ ಕೈಯಿಂದ ಬಣ್ಣ ಹಚ್ಚಿದ ಚಿತ್ರಗಳು. ಇದು ನಿಜವಾಗಿ ಬದುಕಿದ್ದ ಒಬ್ಬ ರೈತನ ಕತೆ. ವಿಲ್ಸನ್ ಬೆಂಟ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನವರು. ಹುಟ್ಟಿದ್ದು 1865ರಲ್ಲಿ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಹಿಮದ ಹಳಕಿನ ಮೊದಲ ಫೋಟೊ ತೆಗೆದರು. ಆಗ ಅವರಿಗೆ 19 ವರ್ಷ. ಸಾಯುವ ಹೊತ್ತಿಗೆ 5000ಕ್ಕೂ ಹೆಚ್ಚು ತೆಗೆದಿದ್ದರು. ಹಳಕನ್ನು ಕಪ್ಪು ಹಲಗೆ ಮೇಲೆ ಹಿಡಿದು, ಉಸಿರಿನ ಬಿಸಿಗೆ ಕರಗದ ಹಾಗೆ ಉಸಿರು ಬಿಗಿಹಿಡಿದು, ಹಕ್ಕಿಯ ಪುಕ್ಕದಿಂದ ಗಾಜಿಗೆ ಕೂರಿಸುತ್ತಿದ್ದರು. ಈ ಪುಟ ಬಂದಾಗ ಮಕ್ಕಳೂ ಉಸಿರು ಬಿಗಿಹಿಡಿಯುತ್ತಾರೆ. ನೀವೇ ನೋಡುತ್ತೀರಿ.

ಹಿಮದ ಹಳಕಿಗೆ ಆರು ಬದಿ. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲೇ ಕೂರುತ್ತವೆ, ಅದಕ್ಕೆ. ಕಾಗದ ಕತ್ತರಿಸಿ ಹಳಕು ಮಾಡಿಸುವಾಗ ನಾಲ್ಕು, ಎಂಟು ಮಡಿಕೆ ಮಾಡಿಬಿಡುತ್ತೇವೆ. ಆಗ ಎಂಟು ಬದಿಯದು ಬರುತ್ತದೆ. ದುಂಡು ಕಾಗದವನ್ನು ಮೊದಲು ಅರ್ಧ ಮಡಚಿ, ಆ ಅರ್ಧವನ್ನು ಮೂರು ಪಾಲು ಮಾಡಿ ಮಡಚಿದರೆ ಸರಿಯಾಗಿ ಆರು ಬರುತ್ತದೆ. ಪಕ್ಕದಲ್ಲಿ ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಒತ್ತಿಸಿ. ಅದು ಹೆಚ್ಚಾಗಿ ಐದು ಮೂಲೆಯದು. ಎರಡನ್ನೂ ಮಕ್ಕಳೇ ಎಣಿಸಲಿ.

ಇನ್ನು ನಿಮ್ಮ ಅರಳಿ ಹುಡುಗಿಗೆ. ಹಳೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದಲ್ಲ, ಅದನ್ನು ಚಮಚದಿಂದ ಕೆರೆದು ಒಂದು ಕಪ್ಪು ಪಾಟಿ ಮೇಲೆ ಹಾಕಿ. ಪಾಟಿಯನ್ನು ಮೊದಲೇ ಫ್ರೀಜರಿನಲ್ಲಿ ಇಟ್ಟು ತಣ್ಣಗೆ ಮಾಡಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ಮುಟ್ಟಿ ನೋಡಲಿ. ಆ ಮೇಲೆ ಪುಸ್ತಕ ತೆರೆಯಿರಿ.

ಮಾಳಮಡ್ಡಿ_ಅಜ್ಜಿ

ತಂಗೀ, ಧಾರವಾಡದಿಂದ ಬರೆಯುತ್ತಿದ್ದೇನೆ. ನನ್ನ ಮಗ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಒಂದು ಚಳಿಗಾಲ ಪೂರ್ತಿ ಅಲ್ಲಿದ್ದು ಬಂದವಳು ನಾನು. ಮಾಸ್ತರು ಹೇಳಿದ್ದೆಲ್ಲ ಸರಿ. ಕೇಶ್ವಾಪುರದ ತಮ್ಮನ ಪುಸ್ತಕ ಮಾತ್ರ ಮೂರು ವರ್ಷದವರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಅಳುವುದು ತಪ್ಪಲ್ಲ. ಆದರೆ ಮನೆಯಲ್ಲಿ ಅಜ್ಜಿ ತೊಡೆ ಮೇಲೆ ಕೂತು ಅಳುವುದು ಬೇರೆ, ಹತ್ತು ಮಕ್ಕಳ ನಡುವೆ ಅಳುವುದು ಬೇರೆ. ಒಂದು ಅತ್ತರೆ ಎಲ್ಲ ಅಳುತ್ತವೆ. ಐದು ದಾಟಿದವರಿಗೆ ಓದಿ.

ಸಣ್ಣವರಿಗೆ ಜ್ಯಾನ್ ಬ್ರೆಟ್ ಅವರ ‘ದಿ ಮಿಟನ್’ ಹೇಳಿ. 1989ರದು. ಯುಕ್ರೇನಿನ ಜನಪದ ಕತೆ. ಅಜ್ಜಿ ಮೊಮ್ಮಗನಿಗೆ ಬಿಳಿ ಉಣ್ಣೆಯ ಕೈಗವಸು ಹೆಣೆದು ಕೊಡುತ್ತಾಳೆ. ಬಿಳಿದು ಬೇಡ, ಹಿಮದಲ್ಲಿ ಬಿದ್ದರೆ ಸಿಗುವುದಿಲ್ಲ ಅಂತ ಮೊದಲೇ ಹೇಳಿರುತ್ತಾಳೆ. ಹುಡುಗ ಬೀಳಿಸಿಯೇ ಬರುತ್ತಾನೆ. ಅದರೊಳಗೆ ಒಂದೊಂದೇ ಪ್ರಾಣಿ ಹೊಕ್ಕುತ್ತದೆ. ಮೊಲ, ಗೂಬೆ, ನರಿ, ಕೊನೆಗೆ ಕರಡಿ. ಕಟ್ಟಕಡೆಗೆ ಒಂದು ಇಲಿ ಬಂದು ಕರಡಿಯ ಮೂಗಿನ ಮೇಲೆ ಕೂರುತ್ತದೆ. ಕರಡಿ ಸೀನುತ್ತದೆ, ಎಲ್ಲ ಹೊರಗೆ! ನಮ್ಮ ಮಕ್ಕಳಿಗೆ ಇಂಥ ಸಾಲುಗತೆ ರೂಢಿಯಲ್ಲಿರುವುದೇ. ಪುಟದ ಎರಡೂ ಅಂಚಿನಲ್ಲಿ ಪುಟ್ಟ ಕೈಗವಸಿನ ಆಕಾರದ ಚೌಕಟ್ಟು ಇವೆ. ಒಂದರಲ್ಲಿ ಹುಡುಗ ಈಗ ಎಲ್ಲಿದ್ದಾನೆ ಅಂತ ಕಾಣುತ್ತದೆ, ಇನ್ನೊಂದರಲ್ಲಿ ಮುಂದೆ ಬರುವ ಪ್ರಾಣಿ. ನನ್ನ ಮೊಮ್ಮಗ ನಾನು ಹೇಳುವ ಮುಂಚೆಯೇ ಅಲ್ಲಿ ಬೆರಳಿಟ್ಟು “ಅಜ್ಜಿ, ಈಗ ನರಿ” ಅಂತ ಕೂಗುತ್ತಿದ್ದ.

ಮಿನ್ನೆಸೋಟಾದಲ್ಲಿ ಇದ್ದವಳಾಗಿ ಇನ್ನೊಂದು ಹೇಳುತ್ತೇನೆ. ಹಿಮದ ಪುಸ್ತಕದಲ್ಲಿ ಮಗು ಬಟ್ಟೆ ತೊಡುವ ಪುಟ ಬಂದರೆ ಬೇಗ ದಾಟಬೇಡಿ. ಅಲ್ಲಿ ಹೊರಗೆ ಹೋಗುವುದೇ ಒಂದು ದೊಡ್ಡ ಕೆಲಸ. ಒಳಗಿನ ಅಂಗಿ, ಮೇಲಿನ ಅಂಗಿ, ದಪ್ಪ ಕೋಟು, ಕಾಲುಚೀಲ, ಬೂಟು, ಕೈಗವಸು, ಟೋಪಿ. ಎಲ್ಲ ಹಾಕಿ ಮುಗಿಸುವಾಗ ಮಗುವಿಗೆ ಶೌಚಕ್ಕೆ ಬರುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು. ನಿಮ್ಮ ಮಕ್ಕಳಿಗೂ ಒಂದು ದಿನ ಮನೆಯಲ್ಲಿರುವ ಸ್ವೆಟರ್, ಶಾಲು, ಕುಲಾಯಿ ಎಲ್ಲ ಒಂದರ ಮೇಲೊಂದು ತೊಡಿಸಿ ಮಾಳಿಗೆ ಮೇಲೆ ನಡೆಸಿ. ಹಿಮ ಅಂದರೆ ಏನು ಅಂತ ಅರ್ಧ ತಿಳಿಯುತ್ತದೆ.

ಓದುಕಟ್ಟೆ_ಹುಬ್ಬಳ್ಳಿ

ಮಾಸ್ತರೇ, ಅಜ್ಜೀ, ಕೇಶ್ವಾಪುರದ ಅಣ್ಣಾ, ಎಲ್ಲರಿಗೂ ಧನ್ಯವಾದ.

ಪಾಟಿ ಉಪಾಯ ಈ ರವಿವಾರವೇ ಮಾಡಿದೆ. ನಮ್ಮದು ಹಳೆಯ ಒಂದು ಬಾಗಿಲಿನ ಫ್ರಿಜ್ಜು, ಬೆಳ್ಳಗೆ ಬೇಕಾದಷ್ಟು ಕಟ್ಟಿತ್ತು. ಪಾಟಿಯನ್ನು ರಾತ್ರಿಯೇ ಒಳಗಿಟ್ಟಿದ್ದೆ. ಕೆರೆದು ಹಾಕಿ ನಡುವೆ ಇಟ್ಟೆ. ಮೊದಲು ಯಾರೂ ಮುಟ್ಟಲಿಲ್ಲ. ಆಮೇಲೆ ಒಬ್ಬ ಬೆರಳಿಟ್ಟ, ತೆಗೆದ, ಬೆರಳನ್ನು ಕಿವಿಗೆ ಒತ್ತಿಕೊಂಡ. ಪಾಟಿಯ ಅಂಚಿನಿಂದ ಕರಗುತ್ತಾ ಬಂತು. ಕರಿ ಪಾಟಿ ಮೇಲೆ ನೀರಿನ ಒಂದೊಂದು ಹನಿ ನಡುಕ್ಕೆ ಸರಿಯುವುದನ್ನು ಎಲ್ಲರೂ ಬಾಗಿ ನೋಡಿದರು. ಎಪಿಎಂಸಿ ಹುಡುಗಿ ಒಂದು ಚಿಟಿಕೆ ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಬಿಗಿ ಮಾಡಿದಳು. ಬಿಚ್ಚಿದಾಗ ಒದ್ದೆ ಕೈ. “ಅರಳಿ ಕರಗೂದಿಲ್ಲ. ಇದು ಕರಗತೈತ್ರಿ” ಅಂದಳು. ಆಮೇಲೆ ಪೀಟರನ ಖಾಲಿ ಜೇಬಿನ ಪುಟಕ್ಕೆ ಬಂದೆ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಂಡರು.

ಅಜ್ಜಿ ಹೇಳಿದ ಹಾಗೆ ಸಣ್ಣವರಿಗೆ ‘ದಿ ಮಿಟನ್’, ದೊಡ್ಡವರಿಗೆ ಬೆಂಟ್ಲಿಯ ಕತೆ, ಎರಡನ್ನೂ ತರಿಸಲು ಹೇಳಿದ್ದೇನೆ. ‘ದಿ ಸ್ನೋಮ್ಯಾನ್’ ಅನ್ನು ಮನೆಗೆ ಕೊಟ್ಟು ಕಳಿಸುವ ಪುಸ್ತಕ ಮಾಡುತ್ತೇನೆ, ಅಜ್ಜ ಅಜ್ಜಿಯರ ಕೈಗೇ.

ಈಗ ಉಳಿದದ್ದು ನಮ್ಮ ಚಳಿ. ನನ್ನ ಗೆಳತಿಯ ಮಾತಿನಲ್ಲಿ ಅರ್ಧ ನಿಜ ಇದೆ, ಅದು ನನ್ನನ್ನು ಬಿಡುತ್ತಿಲ್ಲ. ಹಿಮದ ಪುಸ್ತಕ ಎಷ್ಟೇ ಒಳ್ಳೆಯದಿರಲಿ, ನಮ್ಮ ಮಕ್ಕಳು ತಮ್ಮ ಕೌದಿಯನ್ನು, ಬೆಳಗಿನ ಬೆಂಕಿಯನ್ನು, ಎಳ್ಳಮಾವಾಸ್ಯೆಯ ಹೊಲವನ್ನು ಒಂದು ಪುಟದ ಮೇಲೆ ನೋಡಬೇಕು. ಎಳೆ ಜೋಳದ ತೆನೆ ಸುಟ್ಟು ಸೀತನಿ ಉದುರಿಸುವುದು, ಹಸಿ ಕಡಲೆಗಿಡ ಕೈಯಲ್ಲಿ ಹಿಡಿದು ಸುಲಿದು ತಿನ್ನುತ್ತಾ ನಡೆಯುವುದು, ಇದೆಲ್ಲ ಚಿತ್ರವಾಗದೇ ಹೋದರೆ ಚಳಿಗಾಲ ಅಂದರೆ ಬೇರೆಯವರ ಊರಿನದು ಅಂತಲೇ ಬೆಳೆಯುತ್ತಾರೆ. ಪಟ್ಟಣದ ಮಕ್ಕಳಲ್ಲಿ ಕೆಲವರು ಸೀತನಿ ತಿಂದೇ ಇಲ್ಲ. ಅವರಿಗೆ ಹಿಮ ಎಷ್ಟು ದೂರವೋ ಇದೂ ಅಷ್ಟೇ ದೂರ.

ಇಂಥ ಪುಸ್ತಕ ಸಿಗುತ್ತದೆಯಾ? ಸಿಗದಿದ್ದರೆ ಮಕ್ಕಳ ಕೈಯಿಂದಲೇ ಮಾಡಿಸಬಹುದಾ?

ಬ್ಯಾಡಗಿ_ಓದುಗಳು

ಅಕ್ಕಾ, ನಾನು ಹಾವೇರಿ ಜಿಲ್ಲೆಯವಳು. ಕನ್ನಡದ ಪುಸ್ತಕಕ್ಕೆ ಮೊದಲು ಸ್ಟೋರಿವೀವರ್ ನೋಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ. ಕನ್ನಡದ ಚಿತ್ರಪುಸ್ತಕಗಳು ದುಡ್ಡಿಲ್ಲದೇ ಓದಲು ಸಿಗುತ್ತವೆ. ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬಹುದು, ಬೇರೆ ಭಾಷೆಯದನ್ನು ನೀವೇ ಕನ್ನಡಕ್ಕೆ ತರಬಹುದು. ಓದುವ ಮಟ್ಟ ಗುರುತು ಮಾಡಿರುತ್ತಾರೆ. ನಿಮ್ಮ ಮಕ್ಕಳಿಗೆ ಒಂದನೇ ಮಟ್ಟದ್ದು ಸಾಕು.

ಕೊಳ್ಳುವುದಾದರೆ ಲಿಯೋ ಲಿಯೊನ್ನಿ ಅವರ ‘ಫ್ರೆಡರಿಕ್’ ಸೇರಿಸಿ. 1967ರದು. ಹೊಲದ ಇಲಿಗಳು ಚಳಿಗಾಲಕ್ಕೆ ಕಾಳು ಕೂಡಿಡುತ್ತವೆ. ಫ್ರೆಡರಿಕ್ ಎಂಬ ಇಲಿ ಮಾತ್ರ ಬಿಸಿಲು, ಬಣ್ಣ, ಮಾತು ಕೂಡಿಡುತ್ತದೆ. ಕಾಳು ಮುಗಿದ ಮೇಲೆ ಎಲ್ಲ ಇಲಿಗಳೂ ಅವನ ಕಡೆ ತಿರುಗುತ್ತವೆ. ನಮ್ಮ ಕಡೆ ಮಕ್ಕಳಿಗೆ ಕಾಳು ಕೂಡಿಡುವುದು ಹೊಸ ವಿಷಯವೇ ಅಲ್ಲ. ನಾನು ಓದುವಾಗ ನಮ್ಮ ಅಜ್ಜನ ಕಾಲದ ಹಗೇವಿನ ಕತೆ ಸೇರಿಸಿದೆ. ನೆಲದೊಳಗೆ ಕುಣಿ ತೋಡಿ ಜೋಳ ತುಂಬಿ ಮುಚ್ಚುತ್ತಿದ್ದರು ಅಂದಾಗ ನನ್ನ ಮಗ ಪುಸ್ತಕದ ಕಲ್ಲಿನ ಗೋಡೆಯ ಕೆಳಗೆ ಬೆರಳಿಟ್ಟು “ಇಲ್ಲೇ ಐತಿ ಹಗೇವು” ಅಂದ.

ಇನ್ನು ನೀವೇ ಪುಸ್ತಕ ಮಾಡುವುದಾದರೆ ಬಣ್ಣದಿಂದ ಶುರು ಮಾಡಿ ಅಂತ ನನ್ನ ಸಲಹೆ. ಹಿಮದ ಪುಸ್ತಕ ಬಿಳಿ, ನೀಲಿ. ನಮ್ಮ ಚಳಿಗಾಲ ಕೆಂಪು, ಹಳದಿ. ಜನವರಿಯಿಂದ ನಮ್ಮಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ. ಕಣದಲ್ಲಿ ಹರವಿದರೆ ಕಣ್ಣು ಹಾಯಿಸಿದಷ್ಟೂ ಕೆಂಪು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಸಿಪ್ಪೆ ಸುಕ್ಕು ಸುಕ್ಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಕ್ಕಳಿಗೆ ಆ ಸುಕ್ಕಿನ ಚಿತ್ರ ಬಿಡಿಸುವುದೇ ಒಂದು ಸಂಭ್ರಮ. ಹೊಲದಂಚಿನ ಕುಸುಬಿ ಹೂವಿಗೆ ಹಳದಿ, ಕಿತ್ತಳೆ ಕೊಡಿ. ಕುಸುಬಿಗೆ ಮುಳ್ಳು ಇರುತ್ತದೆ, ದನ ಒಳಗೆ ನುಗ್ಗದಿರಲಿ ಅಂತಲೇ ಅಂಚಿಗೆ ಹಾಕುವುದು. ಮಕ್ಕಳು ಚಿತ್ರದಲ್ಲಿ ಆ ಮುಳ್ಳು ಬರೆಯದೇ ಬಿಡಬಾರದು.

ಚಿತ್ರಮಾಸ್ತರ_ಗದಗ

ಖಂಡಿತ ಮಾಡಿಸಬಹುದು ಮೇಡಂ, ಮಾಡಿಸಲೇಬೇಕು. ಬ್ಯಾಡಗಿ ತಂಗಿ ಹೇಳಿದ ಬಣ್ಣದ ಮಾತು ನನಗೆ ಬಹಳ ಹಿಡಿಸಿತು.

ಅದರಲ್ಲಿ ಎರಡು ಪುಟ ನಮ್ಮ ಗದಗ ಜಿಲ್ಲೆಗೆ ಕೊಡಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನವೆಂಬರ್ ಹೊತ್ತಿಗೆ ಬರುತ್ತವೆ, ಬಿಸಿಲು ಏರುವಾಗ ಹೊರಡುತ್ತವೆ. ಈ ಜಾತಿಯ ಬಾತು ಗೂಡು ಕಟ್ಟಿ ಮರಿ ಮಾಡುವುದು ಮಂಗೋಲಿಯ, ಟಿಬೆಟ್, ಲಡಾಖ್ ಕಡೆಯ ಎತ್ತರದ ಕೆರೆಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹಿಮಾಲಯ ದಾಟಿ ನಮ್ಮ ಕಡೆ ಬರುತ್ತವೆ. 6000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದನ್ನೂ ವಿಜ್ಞಾನಿಗಳು ದಾಖಲು ಮಾಡಿದ್ದಾರೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಿಮ್ಮ ಮಕ್ಕಳಿಗೆ ಪೀಟರನ ಹಿಮ, ನಮ್ಮ ಕಡಲೆ ಹೊಲ ಎರಡನ್ನೂ ಕಂಡ ಜೀವ ತೋರಿಸಬೇಕೆಂದರೆ ಇದಕ್ಕಿಂತ ಒಳ್ಳೆಯದು ಇಲ್ಲ. ರಾತ್ರಿ ಹೊಲಗಳಿಗೆ ಮೇಯಲು ಹೋಗಿ, ಬೆಳಿಗ್ಗೆ ಬಿಸಿಲೇರುವಾಗ ಕೆರೆಗೆ ಮರಳುತ್ತವೆ. ಹುಬ್ಬಳ್ಳಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಬೆಳಿಗ್ಗೆಯೇ ಹೋಗಿ, ಮಕ್ಕಳಿಗೆ ಗಲಾಟೆ ಮಾಡದಿರಲು ಹೇಳಿ.

ಬಿಡಿಸುವುದು ಕಷ್ಟವಲ್ಲ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟಿ, ಹಳದಿ ಕಿತ್ತಳೆ ಕೊಕ್ಕು ಮತ್ತು ಕಾಲು. ಹೆಬ್ಬೆರಳು ಬೂದು ಬಣ್ಣದಲ್ಲಿ ಒತ್ತಿದರೆ ಮೈ ಆಯಿತು. ಕಿರುಬೆರಳು ಬಿಳಿಯಲ್ಲಿ ಒತ್ತಿದರೆ ತಲೆ. ಹಾಳೆ ಮಾತ್ರ ಬಿಳಿಯದು ಬೇಡ, ತಿಳಿ ನೀಲಿಯದು ತನ್ನಿ. ಇಲ್ಲದಿದ್ದರೆ ಬಿಳಿ ತಲೆ ಕಾಣುವುದಿಲ್ಲ.

ಎಳ್ಳಮಾವಾಸ್ಯೆಯ ಪುಟದಲ್ಲಿ ಚರಗ ಚೆಲ್ಲುವುದು, ಅಂದರೆ ನೈವೇದ್ಯದ ಅಡಿಗೆಯನ್ನು ಹೊಲಕ್ಕೆ ಎರಚುವುದು ಬರಲಿ. ‘ಹುಲ್ಲುಲ್ಲಿಗೋ’ ಅಂತ ಕೂಗುತ್ತಾರಲ್ಲ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಪುಟ ಬಂದಾಗ ಎಲ್ಲ ಮಕ್ಕಳೂ ಒಟ್ಟಿಗೆ ಕೂಗಲಿ. ಸೀತನಿ ಪುಟಕ್ಕೆ ಕೀಟ್ಸ್ ಅವರ ಬ್ರಷ್ಷಿನ ಸಿಡಿತವನ್ನೇ ಬಳಸಿ. ಅಲ್ಲಿ ಬಿಳಿ ಹಿಮ ಸಿಡಿಯಿತು, ಇಲ್ಲಿ ಕೆಂಪು, ಕಿತ್ತಳೆಯ ಕಿಡಿ ಸಿಡಿಯಲಿ. ಕೌದಿ ಪುಟಕ್ಕೆ ಮಕ್ಕಳು ತಮ್ಮ ಮನೆಯ ಹಳೆ ಬಟ್ಟೆಯ ತುಂಡು ತಂದು ಅಂಟಿಸಲಿ. ಯಾರ ತುಂಡು ಯಾವುದು ಅಂತ ಹೇಳುವುದೇ ಆ ಪುಟದ ಕತೆ, ಬೇರೆ ಬರೆಯಬೇಕಾಗಿಲ್ಲ.

ಓದುಕಟ್ಟೆ_ಹುಬ್ಬಳ್ಳಿ

ಮಾಸ್ತರೇ, ಓದುತ್ತಿದ್ದಂತೆ ಪುಟ ಪುಟ ಕಣ್ಣಿಗೆ ಕಟ್ಟಿತು. ಮಾಗಡಿಗೆ ಹೋಗಲು ಮಕ್ಕಳ ತಾಯಂದಿರ ಜೊತೆ ಮಾತಾಡಿದ್ದೇನೆ, ಒಪ್ಪಿದ್ದಾರೆ. ಎಪಿಎಂಸಿ ಹುಡುಗಿಯ ಅಪ್ಪ ಒಂದು ಟೆಂಪೊ ಮಾತಾಡಿ ಕೊಡುತ್ತೇನೆ ಅಂದಿದ್ದಾರೆ. ಬ್ಯಾಡಗಿ ತಂಗೀ, ನಾಲ್ಕು ಒಣ ಮೆಣಸಿನಕಾಯಿ ಮಕ್ಕಳಿಗೆ ನೋಡಿ ಬಿಡಿಸಲು ಇಡಬೇಕು ಅಂತಿದ್ದೇನೆ. ಕೈ ಕಣ್ಣಿಗೆ ಹೋದರೆ ಅಂತ ಒಂದೇ ಹೆದರಿಕೆ.

ಪುಸ್ತಕ ಹೊಲಿಯುವುದು ಹೇಗೆ ಅಂತ ಒಂದು ಸಲ ಹೇಳಿಬಿಡಿ. ಒಂದೇ ಪ್ರತಿ ಮಾಡುತ್ತೇವೆ, ವಾರಕ್ಕೊಬ್ಬರ ಮನೆಗೆ ಹೋಗುತ್ತದೆ. ಹರಿಯದ ಹಾಗಿರಬೇಕು.

ಬ್ಯಾಡಗಿ_ಓದುಗಳು

ಮೆಣಸಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ನಡುವೆ ಇಡಿ ಅಕ್ಕಾ. ಸುಕ್ಕು ಚೆನ್ನಾಗಿ ಕಾಣುತ್ತದೆ, ಯಾರೂ ಮುಟ್ಟುವುದಿಲ್ಲ.

ಚಿತ್ರಮಾಸ್ತರ_ಗದಗ

ದೊಡ್ಡ ಡ್ರಾಯಿಂಗ್ ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೆ ಒಂದು ಕೂರಿಸಿ. ಐದು ಹಾಳೆಗಿಂತ ಜಾಸ್ತಿ ಬೇಡ, ದಪ್ಪವಾಗಿ ತೆರೆದುಕೊಳ್ಳುವುದಿಲ್ಲ. ಹೊರಗೆ ರಟ್ಟು ಹಾಕಿ. ಪಿನ್ ಹೊಡೆಯಲೇಬೇಡಿ, ಸಣ್ಣವರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಡಿಕೆಯ ಗೆರೆ ಮೇಲೆ ಮೊದಲು ದಬ್ಬಣದಿಂದ ಐದು ತೂತು ಹಾಕಿ, ಕೌದಿ ಹೊಲಿಯುವ ದಪ್ಪ ದಾರವನ್ನು ಜೋಡಿ ಮಾಡಿ ನಡುವಿನ ತೂತಿನಿಂದ ಶುರು ಮಾಡಿ ಎರಡೂ ಕಡೆ ಹೋಗಿ ಬಂದು ನಡುವೆಯೇ ಗಂಟು ಹಾಕಿ. ಗಂಟು ಪುಸ್ತಕದ ಬೆನ್ನಿನ ಹೊರಗೆ ಬರಲಿ, ಒಳಗೆ ಬಂದರೆ ಮಕ್ಕಳು ಎಳೆಯುತ್ತಾರೆ.